ಬಾಣದ ಗುರುತಿನ ಶ್ರೀಲಕ್ಷ್ಮಿ

ವಿಷುವಲ್ ಎಂಬ ಪದವನ್ನು ಮೊದಲು ಹೇಳಿದ್ದೇ ಶ್ರೀಲಕ್ಷ್ಮಿ ಮಾಡಿದ ತಪ್ಪು. ಕಮ್ಯುನಿಕೇಷನ್ ಎಂಬುದನ್ನು ಮುಂದಿಟ್ಟು ಹೇಳಿದ್ದರೆ ಅವಳಿಗೆ ಆ ಒಂದು ಬೇಸಿಗೆಯಾದರೂ ಉಳಿಯುತ್ತಿತ್ತು.

ಅದು ಎರಡು ಸಾವಿರದ ಇಸವಿ. ಹೈದರಾಬಾದಿನಲ್ಲಿ ಯಾರ ಮನೆಗೆ ಹೋದರೂ ಚಹಾದ ಕಪ್ಪಿಗಿಂತ ಮೊದಲು ಕಂಪ್ಯೂಟರಿನ ಮಾತು ಬರುತ್ತಿದ್ದ ಕಾಲ. ಶ್ರೀಲಕ್ಷ್ಮಿಯ ಅಪ್ಪ ಉಪೇಂದ್ರ ಬಾಲಾನಗರದ ಕಡೆ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್. ಬೇರೆಯವರು ತಯಾರಿಸಿದ ಲೋಹದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ವಾಪಸ್ಸು ಕಳಿಸುವ ಕೆಲಸ. ಲಿಂಗಸುಗೂರಿನಿಂದ ಬಂದು ಇಪ್ಪತ್ತು ವರ್ಷದ ಮೇಲಾಗಿದ್ದರೂ ಮನೆಯೊಳಗೆ ಊರಿನ ಮಾತೇ. ಪಿಯುಸಿಗೆ ಸಮನಾದ ಇಂಟರ್ ಪರೀಕ್ಷೆಯ ಫಲಿತಾಂಶ ಬಂದ ದಿನ ಮಗಳು ಧೈರ್ಯ ತಂದುಕೊಂಡು, "ಅಪ್ಪಾ, ನಾ ಮುಂದ ವಿಷುವಲ್ ಕಮ್ಯುನಿಕೇಷನ್ ಓದ್ತೀನಿ" ಎಂದಳು. ಆತ ಪೇಪರಿನಿಂದ ತಲೆ ಎತ್ತದೆ "ಆತು" ಎಂದುಬಿಟ್ಟ. ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕಿತಲ್ಲ ಎಂದು ಅವಳು ಹಿಗ್ಗಿ ಅವ್ವನಿಗೆ ಹೇಳಿಕೊಂಡಳು.

ಮರುವಾರ ಉಪೇಂದ್ರ ಅಮೀರ್‌ಪೇಟೆಯಿಂದ ಒಂದು ರಸೀದಿ ಹಿಡಿದುಕೊಂಡು ಬಂದ.

"ತಗೋ. ಸೋಮವಾರದಿಂದ ಕ್ಲಾಸು. ನಮ್ಮ ಸುಬ್ಬರಾಯನ ಮಗ ಕೌಶಲ್ ಇಲ್ಲೇ ಕಲ್ತಾನ. ಭಾಳ ಡಿಮ್ಯಾಂಡ್ ಐತಂತ ಇದಕ್ಕ."

ರಸೀದಿಯ ಮೇಲೆ ವಿಷುವಲ್ ಬೇಸಿಕ್ ಎಂದಿತ್ತು.

"ಅಪ್ಪಾ, ಇದು ಅದಲ್ಲ!"

"ಅದಲ್ಲ ಅಂದ್ರ? ನೀನ ವಿಷುವಲ್ ಅಂತ ಹೇಳಿದಿಲ್ಲ?"

"ಇದು ಪ್ರೋಗ್ರಾಮ್ ಬರಿಯೋ ಕೋರ್ಸು. ನಾ ಹೇಳಿದ್ದು ಚಿತ್ರ, ಅಕ್ಷರ, ಪೋಸ್ಟರು, ಪುಸ್ತಕದ ಮುಖಪುಟ, ಅಂಥಾವು ಮಾಡೋದು."

ಉಪೇಂದ್ರ ಸ್ವಲ್ಪ ಯೋಚಿಸಿದ. ಆಮೇಲೆ ಸಮಾಧಾನದಿಂದ ಹೇಳಿದ: "ಮೊದಲ ಬೇಸಿಕ್ ಕಲಿ. ಬೇಸಿಕ್ ಬಂತಂದ್ರ ಕಮ್ಯುನಿಕೇಷನ್ ತಾನಾ ಬರ್ತೈತಿ."

ಕಟ್ಟಿದ ಫೀಸನ್ನು ಆ ಸಂಸ್ಥೆಯವರು ವಾಪಸ್ಸು ಕೊಡುವುದಿಲ್ಲವೆಂದು ಗೊತ್ತಾದ ಮೇಲೆ ಶ್ರೀಲಕ್ಷ್ಮಿಗೆ ಬೇರೆ ದಾರಿ ಉಳಿಯಲಿಲ್ಲ. ಒಂದು ಶಾಪಿಂಗ್ ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ಮೂರು ಮಂದಿ ತೊಡೆಗೆ ತೊಡೆ ತಾಗಿಸಿಕೊಂಡು ಕೂತು, ಅವಳು ಆ ಬೇಸಿಗೆ ಕಳೆದಳು. ಕೋಡು ತಲೆಗೆ ಹತ್ತಲಿಲ್ಲ. ಆದರೆ ಪರದೆಯ ಮೇಲೆ ಗುಂಡಿಗಳನ್ನು, ಹೆಸರಿನ ಚೌಕಗಳನ್ನು ಎಳೆದು ಜೋಡಿಸುವ ಪಾಠ ಬಂದಾಗ ಅವಳು ಮೌಸ್ ಬಿಟ್ಟುಕೊಡುತ್ತಲೇ ಇರಲಿಲ್ಲ. ಎಲ್ಲ ಒಂದೇ ಸಾಲಿಗೆ ಬರಬೇಕು, ನಡುವಿನ ಜಾಗ ಒಂದೇ ಸಮ ಇರಬೇಕು. ಕಲಿಸುವವನು ಹಿಂದೆ ಬಂದು ನಿಂತು ರೇಗಿದ: "ಅಮ್ಮಾ, ಗುಂಡಿ ಒತ್ತಿದಾಗ ಕೆಲಸ ಮಾಡಿದರೆ ಸಾಕು. ಅದು ಎಲ್ಲಿದ್ದರೆ ಯಾರಿಗೇನು?"

ತನಗೆ ಬೇಕಾದ್ದು ಅದೇ, ಅದು ಎಲ್ಲಿದೆ ಎಂಬುದೇ, ಎಂದು ಅವಳಿಗೆ ಆ ಕ್ಷಣದಲ್ಲಿ ಗಟ್ಟಿಯಾಯಿತು. ಕ್ಲಾಸಿನವರಿಗೆ ಹೇಳಿ ಪ್ರಯೋಜನವಿರಲಿಲ್ಲ.

ಕೊನೆಗೆ ಬಾಯಿ ತೆರೆದವಳು ಅವ್ವ ಸಾವಿತ್ರಿ. "ಅಕಿಗೆ ಬ್ಯಾಡಾದ್ದು ಯಾಕ ತಲ್ಯಾಗ ತುರುಕ್ತೀರಿ? ಪರೀಕ್ಷಾ ಬರೀಲಿ. ಸೀಟ್ ಬಂತಂದ್ರ ಹೋಗ್ಲಿ, ಬರ್ಲಿಲ್ಲಂದ್ರ ನಿಮ್ಮ ಬೇಸಿಕ್ ಎಲ್ಲಿ ಓಡಿಹೋಗ್ತೈತಿ?" ಎಂದು ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು. ಶ್ರೀಲಕ್ಷ್ಮಿ ಪ್ರವೇಶ ಪರೀಕ್ಷೆ ಬರೆದಳು. ಮಾಸಾಬ್ ಟ್ಯಾಂಕಿನ ಕಡೆಯ ಕಲಾ ಕಾಲೇಜಿನಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಸೀಟು ಬಂತು. ಉಪೇಂದ್ರ ಒಂದೇ ಪ್ರಶ್ನೆ ಕೇಳಿದ: "ಮುಂದ ನೌಕರಿ ಸಿಗ್ತೈತೇನು?" ಸಿಗುತ್ತದೆ ಎಂದು ಅವಳು ಹೇಳಿದಳು. ಎಲ್ಲಿ, ಎಂಥದ್ದು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಚಿತ್ರ ಕಲಿಯುವ ಹುಡುಗಿ ಎಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹೆಸರು ಬಿದ್ದದ್ದೇ ತಡ, ಕಾಟ ಶುರುವಾಯಿತು. ಒಬ್ಬರಿಗೆ ಮುಂಜಿವೆಯ ಆಮಂತ್ರಣ ಬೇಕು, ಇನ್ನೊಬ್ಬರಿಗೆ ಸೀರೆಯಂಚಿಗೆ ನವಿಲು ಬೇಕು, ಮತ್ತೊಬ್ಬರ ಮೊಮ್ಮಗನ ಸೈನ್ಸ್ ಚಾರ್ಟಿಗೆ ಕಪ್ಪೆಯ ಹೊಟ್ಟೆ ಬೇಕು. ಮನೆಯಲ್ಲಿ ಮತ್ತೊಂದು ಬಗೆ. ಪೋಸ್ಟರ್ ಬಣ್ಣ ಕಲಸಿದ ಲೋಟದಲ್ಲಿ ಅಪ್ಪ ಮಜ್ಜಿಗೆ ಸುರಿದುಕೊಂಡು ಕುಡಿದ. "ಹಸಿರು ಮಜ್ಜಿಗಿ ಆತಲ್ಲ, ಕೊತ್ತಂಬರಿ ಹಾಕೀಯೇನು?" ಎಂದು ಅವ್ವನನ್ನು ಕೇಳಿದ ಮೇಲೇ ವಿಷಯ ಬಯಲಾದದ್ದು. ಅವತ್ತಿನಿಂದ ಅವಳ ಲೋಟಗಳು ಹಿತ್ತಲಿಗೆ ಹೋದವು.

ಎಲ್ಲಕ್ಕಿಂತ ದೊಡ್ಡ ರಾದ್ಧಾಂತ ಎರಡನೇ ವರ್ಷದ ನವೆಂಬರಿನಲ್ಲಿ ಆಯಿತು. ಕಾರ್ಖಾನೆಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬ್ಯಾನರು ಬರೆದುಕೊಡುವ ಕೆಲಸವನ್ನು ಅಪ್ಪ ಮಗಳ ಪರವಾಗಿ ಒಪ್ಪಿಕೊಂಡು ಬಂದಿದ್ದ. ಅವಳು ನೆಲದ ಮೇಲೆ ಬಟ್ಟೆ ಹಾಸಿ, ಮೊಣಕಾಲೂರಿ, ಎರಡು ದಿನ ಬೆನ್ನು ಬಗ್ಗಿಸಿ ಬರೆದಳು. ಒಂದು ಅಕ್ಷರ ಕೂಡ ಓರೆಯಾಗಿರಲಿಲ್ಲ. ಬ್ಯಾನರು ಬಿಚ್ಚಿ ಕಟ್ಟಿದಾಗ ಸಂಘದ ಕಾರ್ಯದರ್ಶಿ ಸುಬ್ಬರಾಯ ಕನ್ನಡಕ ಸರಿಮಾಡಿಕೊಂಡು ನೋಡಿದ. ಮತ್ತೆ ನೋಡಿದ.

"ಉಪೇಂದ್ರ, ಏನೋ ಇದು? ತಲೆಕಟ್ಟು ಪೂರಾ ತೆಲುಗಿಂದು! ಆಂಧ್ರದವ್ರ ರಾಜ್ಯೋತ್ಸವ, ಅವತರಣ ದಿನಾನೂ ಇವತ್ತ ಐತಿ, ಇದನ್ನ ಅಲ್ಲಿಗೆ ಕಳಿಸಿಬಿಡೋಣು."

ಸಭೆಗೆ ಸಭೆಯೇ ನಕ್ಕಿತು. ಶ್ರೀಲಕ್ಷ್ಮಿ ಶಾಲೆಯಲ್ಲಿ ಕಲಿತದ್ದು ತೆಲುಗು, ಇಂಗ್ಲಿಷು; ಕನ್ನಡ ಅಪ್ಪನಿಂದ ಕಲಿತದ್ದು. ಎರಡು ಲಿಪಿಗಳೂ ಒಂದೇ ಬಸಿರಿನಿಂದ ಬಂದಂತಿರುವುದರಿಂದ ಕೈ ತನಗೆ ರೂಢಿಯಿದ್ದ ದಾರಿ ಹಿಡಿದಿತ್ತು. ತೆಲುಗಿನ ತಲೆಕಟ್ಟು ಟಿಕ್ ಹೊಡೆದಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡದ್ದು ಮಟ್ಟಸವಾಗಿ ಮಲಗಿ, ತುದಿಯಲ್ಲಿ ಮಾತ್ರ ಬಾಗುತ್ತದೆ. ಅವಮಾನಕ್ಕಿಂತ ಹೆಚ್ಚಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಷ್ಟು ಚಿಕ್ಕ ಗುರುತು ಕಣ್ಣಿಗೆ ಬೀಳದಿದ್ದರೆ ತಾನು ಕಲಿಯುತ್ತಿರುವುದಾದರೂ ಏನು? ಆ ಚಳಿಗಾಲ ಪೂರ್ತಿ ಅವಳು ಕನ್ನಡ ಅಕ್ಷರಗಳನ್ನು ಕುಂಚದಿಂದ, ಬಿದಿರಿನ ಕಡ್ಡಿಯಿಂದ, ಸೀಸದಕಡ್ಡಿಯಿಂದ ತಿದ್ದಿದಳು. ಉಪೇಂದ್ರ ಒಮ್ಮೊಮ್ಮೆ ಹಿಂದೆ ನಿಂತು ನೋಡಿ, "ಆ ಳ ಇನ್ನೊಂದೀಟು ದುಂಡಗ ಬರ್ಲಿ" ಎಂದು ಹೇಳಿ ಹೋಗುತ್ತಿದ್ದ.

ಮೂರನೇ ವರ್ಷದ ಹೊತ್ತಿಗೆ ಕಾಲೇಜಿನ ಅರ್ಧ ಕ್ಲಾಸು ಸಂಜೆಯ ಮಲ್ಟಿಮೀಡಿಯಾ ಕೋರ್ಸುಗಳಲ್ಲಿ ಇರುತ್ತಿತ್ತು. ಕಾಲೇಜಿನಲ್ಲಿ ಕಂಪ್ಯೂಟರುಗಳು ಕಮ್ಮಿ, ಹೊರಗಡೆ ಕಂಪನಿಗಳಿಗೆ ಕಂಪ್ಯೂಟರು ಬರುವವರೇ ಬೇಕು. ಶ್ರೀಲಕ್ಷ್ಮಿಯೂ ಹಿಮಾಯತ್‌ನಗರದಲ್ಲಿ ಒಂದು ಸೀರೆಯಂಗಡಿಯ ಮೇಲಿದ್ದ ವೆಬ್‌ಸೈಟ್ ಕಂಪನಿಗೆ ರಜೆಯಲ್ಲಿ ಕೆಲಸ ಕಲಿಯಲು ಸೇರಿದಳು. ಅಲ್ಲಿಯ ಮಾಲೀಕನಿಗೆ ಎರಡೇ ಚಿತ್ರ ಗೊತ್ತಿದ್ದವು. ಒಂದು, ತಿರುಗುವ ಭೂಗೋಳ. ಇನ್ನೊಂದು, ಕೋಟು ತೊಟ್ಟ ಎರಡು ಕೈಗಳು ಒಂದನ್ನೊಂದು ಕುಲುಕುವುದು. ಬಂದವರು ಬೋರ್‌ವೆಲ್ ಕೊರೆಯುವವರಿರಲಿ, ಬಿಸ್ಕತ್ತು ಮಾಡುವವರಿರಲಿ, ಪುಟದ ನೆತ್ತಿಯ ಮೇಲೆ ಭೂಗೋಳ ತಿರುಗಬೇಕು, ಕೆಳಗೆ ಕೈ ಕುಲುಕಬೇಕು, ಪಕ್ಕದಲ್ಲಿ "ಹೊಸದು" ಎಂಬ ಕೆಂಪು ಅಕ್ಷರ ಮಿಣುಕಬೇಕು. ಅವಳು ಒಂದು ದಂತ ವೈದ್ಯರ ಪುಟಕ್ಕೆ ಭೂಗೋಳ ತೆಗೆದು, ಫೋನ್ ನಂಬರು ದೊಡ್ಡದಾಗಿ ಕಾಣುವಂತೆ ಇಟ್ಟಳು.

"ಭೂಗೋಳ ಎಲ್ಲಿ?" ಮಾಲೀಕ ಹಿಂದಿಯಲ್ಲಿ ಕೇಳಿದ.

"ಸರ್, ಹಲ್ಲು ನೋಯೋರಿಗೆ ಭೂಗೋಳ ಯಾಕೆ? ಫೋನ್ ನಂಬರ್ ಬೇಕು."

"ಇಂಟರ್‌ನ್ಯಾಷನಲ್ ಅನಿಸಬೇಡವಾ?"

ಅವಳು ಭೂಗೋಳವನ್ನು ವಾಪಸ್ಸು ತಂದಿಟ್ಟಳು. ರಜೆ ಮುಗಿಯುವಷ್ಟರಲ್ಲಿ ಎಷ್ಟು ಭೂಗೋಳ ತಿರುಗಿಸಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಮನೆಗೆ ಬಂದು ಕಣ್ಣು ಮುಚ್ಚಿದರೂ ಅವು ತಿರುಗುತ್ತಿದ್ದವು.

ಕೊನೆಯ ವರ್ಷ ಶುರುವಾದಾಗ ಉಪೇಂದ್ರನಿಗೆ ಹರ್ನಿಯಾ ಆಪರೇಷನ್ ಆಯಿತು. ಕಾರ್ಖಾನೆಯವರು ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕಳಿಸಿದ್ದರು. ಹಗಲು ಶ್ರೀಲಕ್ಷ್ಮಿಯ ಪಾಳಿ. ಅಪ್ಪ ನಿದ್ದೆ ಮಾಡುವಾಗ ಅವಳು ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ ಕೂತು ಬರುವವರ ಹೋಗುವವರ ಚಿತ್ರ ಗೀಚುತ್ತಿದ್ದಳು. ಹಾಗೆ ಕೂತಿದ್ದಾಗಲೇ, ಹಸಿರು ಸೀರೆಯ ಒಬ್ಬ ಮುದುಕಿ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದುಕೊಂಡು ಮುಂದೆ ಹಾದು ಹೋದಳು. ಸ್ವಲ್ಪ ಹೊತ್ತಿಗೆ ಹಿಂದೆ ಬಂದಳು. ಮತ್ತೆ ಹೋದಳು. ಗೋಡೆಯ ಬೋರ್ಡಿನ ಕೆಳಗೆ ನಿಂತು, ತಲೆಯೆತ್ತಿ ನೋಡಿ, ತನ್ನಷ್ಟಕ್ಕೆ ಅಂದುಕೊಂಡಳು: "ಎಲ್ಲಿ ಹಾಳಾಗಿ ಹೋಗ್ಯಾದೋ ಏನೋ."

ಆ ಮಾತು ಕಿವಿಗೆ ಬಿದ್ದದ್ದೇ ಶ್ರೀಲಕ್ಷ್ಮಿ ಎದ್ದಳು. "ಯವ್ವಾ, ಎಲ್ಲಿಗೆ ಹೋಗಬೇಕ್ರಿ ನೀವು?"

"ಅಯ್ಯ ನಮ್ಮವ್ವ! ಕನ್ನಡ ಬರ್ತದಾ ನಿನಗ?" ಮುದುಕಿಯ ಮುಖ ಅರಳಿತು. ಹೆಸರು ಬಂಡೆಮ್ಮ, ಯಾದಗಿರಿಯ ಹತ್ತಿರದ ಹಳ್ಳಿ. ಗಂಡ ಬೂದೆಪ್ಪನನ್ನು ಕಿಡ್ನಿಯ ತೊಂದರೆಗೆ ಇಲ್ಲಿ ತಂದು ಹಾಕಿದ್ದರು. ಸೆರಗಿನಿಂದ ಅವಳು ಹೊರತೆಗೆದದ್ದು ಒಂದು ಪುಟ್ಟ ಸೀಸೆ, ಒಳಗೆ ಗಂಡನ ರಕ್ತ. "ಲ್ಯಾಬಿಗಿ ಜಲ್ದಿ ಕೊಟ್ಟು ಬಾ ಅಂದಾರ. ಬಾಣ ನೋಡ್ಕೋತ ಹೋಗು ಅಂದ್ರು. ಬಾಣ ಮ್ಯಾಲ ತೋರಿಸ್ಲಾಕತ್ತದ. ಮ್ಯಾಲ ಹೋದ್ನಿ, ಅಲ್ಲಿ ಆಫೀಸದ. ಮತ್ತ ಕೆಳಗ ಬಂದ್ನಿ, ಬಾಣ ಇನ್ನಾ ಮ್ಯಾಲೇ ತೋರಿಸ್ತದ. ಮತ್ತ ಹೋದ್ನಿ."

ಶ್ರೀಲಕ್ಷ್ಮಿ ಬೋರ್ಡಿನತ್ತ ತಿರುಗಿದಳು. ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ ಲ್ಯಾಬ್ ಎಂದಿತ್ತು. ಪಕ್ಕದಲ್ಲಿ ನೆಟ್ಟಗೆ ಆಕಾಶಕ್ಕೆ ಮುಖ ಮಾಡಿದ ಬಾಣ. ಬರೆಸಿದವರ ಲೆಕ್ಕದಲ್ಲಿ ಅದರ ಅರ್ಥ ಹೀಗೇ ನೇರ ಮುಂದೆ ಹೋಗಿ ಎಂದು. ಬೋರ್ಡಿನ ಪಕ್ಕದಲ್ಲೇ ಮೇಲೆ ಹತ್ತುವ ಮೆಟ್ಟಿಲು! ಅಲ್ಲಿ ಆ ಬಾಣವನ್ನು ನೋಡಿದ ಯಾರು ತಾನೇ ಮೆಟ್ಟಿಲು ಹತ್ತುವುದಿಲ್ಲ? ತಾನೂ ಮೊದಲ ದಿನ ಹತ್ತಿದ್ದಳು. ತೆಲುಗು ಬರುತ್ತಿದ್ದುದರಿಂದ ಕೇಳಿಕೊಂಡು ಇಳಿದು ಬಂದಿದ್ದಳು, ಅಷ್ಟೇ.

ಅವಳು ಬಂಡೆಮ್ಮನ ಕೈ ಹಿಡಿದು ಲ್ಯಾಬಿಗೆ ಕರೆದೊಯ್ದಳು. ಕಿಟಕಿಯಲ್ಲಿದ್ದವನು ಸೀಸೆಯನ್ನು ಅಲ್ಲಾಡಿಸಿ ನೋಡಿ, "ಗಡ್ಡ ಕಟ್ಟಿಂದಿ" ಎಂದು ವಾಪಸ್ಸು ತಳ್ಳಿದ.

"ಗಡ್ಡ ಅಂದ್ರ ಏನವ್ವಾ?" ಬಂಡೆಮ್ಮ ಕೇಳಿದಳು.

"ರಕ್ತ ಹೆಪ್ಪುಗಟ್ಟೈತಂತ. ತಡ ಆತಂತ. ಮತ್ತ ತಗಿಬೇಕಂತ."

ಬಂಡೆಮ್ಮ ಅಲ್ಲೇ ಗೋಡೆಗೆ ಒರಗಿದಳು. "ಮುದುಕ ಒಂದು ಸಲ ಸೂಜಿ ಚುಚ್ಚಿದ್ದಕ್ಕೇ ಕೂಸಿನಂಗ ಅತ್ತಾನ. ಮತ್ತ ಹ್ಯಾಂಗ ಹೇಳ್ಲಿ ನಾ?" ವಾರ್ಡಿಗೆ ಹೋದರೆ ನರ್ಸು ಬಂಡೆಮ್ಮನನ್ನೇ ಬೈದಳು, ಬೋರ್ಡು ಹಾಕಿದ್ದೇವಲ್ಲ, ಕಣ್ಣು ಕಾಣುವುದಿಲ್ಲವಾ ಎಂದು. ಬೂದೆಪ್ಪ ಸೊರಗಿದ ತೋಳನ್ನು ಮತ್ತೊಮ್ಮೆ ಚಾಚಿ, ಮುಖ ಆ ಕಡೆ ತಿರುಗಿಸಿದ. ಶ್ರೀಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದ ಬಾಣ ಗೋಡೆಯ ಮೇಲೆ ಆರಾಮಾಗಿ ಕೂತಿತ್ತು. ಬೈಗುಳ ತಿಂದವಳು ಈ ಮುದುಕಿ.

ಕೊನೆಯ ವರ್ಷದ ಯೋಜನೆಗೆ ವಿಷಯ ಇದೇ ಎಂದು ಅವಳು ಅವತ್ತೇ ತೀರ್ಮಾನಿಸಿದಳು. ಕಾಲೇಜಿನ ಗೈಡ್ ಕೇಳಿ ತಲೆ ಚಚ್ಚಿಕೊಂಡರು.

"ಸೈನ್ ಬೋರ್ಡಾ? ನಾಲ್ಕು ವರ್ಷ ಓದಿದ್ದು ಬೋರ್ಡು ಬರೆಯೋದಕ್ಕಾ? ಎಲ್ಲರೂ ಬ್ರ್ಯಾಂಡು ಮಾಡ್ತಿದಾರೆ, ಜಾಹೀರಾತು ಮಾಡ್ತಿದಾರೆ. ನಾಳೆ ಕಂಪನಿಯವರು ನಿನ್ನ ಫೈಲು ತೆರೆದರೆ ಏನು ನೋಡಬೇಕು? ಬಾತ್‌ರೂಮು ಎಲ್ಲಿದೆ ಅಂತಲಾ?"

"ಹೌದು ಸರ್," ಎಂದಳು ಅವಳು. "ಅದೂ ಅಲ್ಲಿ ಯಾರಿಗೂ ಸಿಗ್ತಿಲ್ಲ."

ಆಸ್ಪತ್ರೆಯ ಆಡಳಿತಾಧಿಕಾರಿ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಅವರ ಕೋಣೆಯ ಹೊರಗೆ ಕಾಯುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ಒಳಗೆ ಕರೆದವರು ಅವಳ ಹಾಳೆಗಳನ್ನು ತಿರುವಿ ಹಾಕಿ ಕೇಳಿದ ಮೊದಲ ಮಾತು, "ನಮ್ಮ ಲೋಗೋ ಯಾಕೆ ಇಷ್ಟು ಚಿಕ್ಕದು?" ಎರಡನೆಯದು, "ಕನ್ನಡ ಯಾಕೆ? ಇದು ಹೈದರಾಬಾದು." ವಾರ್ಡುಗಳಲ್ಲಿ ರಾಯಚೂರು, ಯಾದಗಿರಿ, ಬೀದರ, ಕಲಬುರಗಿಯವರು ಎಷ್ಟು ಮಂದಿ ಇದ್ದಾರೆಂದು ತಾವೇ ಒಂದು ಸುತ್ತು ಹಾಕಿ ನೋಡಬೇಕೆಂದು ಅವಳು ಕೇಳಿಕೊಂಡಳು. ಅವರು ಸುತ್ತು ಹಾಕಿದರೋ ಇಲ್ಲವೋ, ಖರ್ಚಿಲ್ಲದ ಕೆಲಸವೆಂದು ಕೆಳಗಿನ ಒಂದು ಮೊಗಸಾಲೆಯಲ್ಲಿ ಕಾಗದದ ಬೋರ್ಡು, ಅಂಟುಪಟ್ಟಿ ಹಚ್ಚಿ ನೋಡಲು ಒಪ್ಪಿದರು.

ಅವಳ ಉಪಾಯ ಸರಳವಾಗಿತ್ತು. ಓದಲು ಬಾರದವರಿಗೂ ತಿಳಿಯುವಂತೆ ನೆಲದ ಮೇಲೆ ಹಳದಿ ಪಟ್ಟಿಯ ಗೆರೆ. ಅದನ್ನು ಹಿಡಿದು ಹೋದರೆ ಲ್ಯಾಬು. ಭಾನುವಾರ ಇಡೀ ದಿನ ಕೂತು ಅಂಟಿಸಿದಳು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಮೊಗಸಾಲೆಯಲ್ಲಿ ಜಾತ್ರೆ. ಹಳದಿ ಗೆರೆಯ ಈಚೆ ಜನ ಸಾಲಾಗಿ ನಿಂತಿದ್ದಾರೆ, ಯಾರೂ ಮುಂದೆ ಹೋಗುತ್ತಿಲ್ಲ. ಸಾಲಿನ ತಲೆಗೇ ಬಂಡೆಮ್ಮ, ಕೈಯಲ್ಲಿ ಇನ್ನೊಂದು ಸೀಸೆ.

"ಯವ್ವಾ! ಯಾಕ ನಿಂತೀರಿ ಇಲ್ಲಿ?"

"ಗೆರಿ ಹಾಕ್ಯಾರಲ್ಲವ್ವ. ಕರದ ಮ್ಯಾಲ ದಾಟಬೇಕು. ನಮ್ಮೂರ ಬ್ಯಾಂಕಿನ್ಯಾಗೂ ಹಿಂಗೇ ಅದ."

ಹಿಂದಿನವರೆಲ್ಲ ಹೌದೆಂದು ತಲೆಯಾಡಿಸಿದರು. ಕಾವಲುಗಾರ ಬಂದು, "ಯಾರಮ್ಮಾ ಇದನ್ನು ಹಚ್ಚಿದ್ದು? ನನ್ನ ಪ್ರಾಣ ತಿಂತಿದ್ದಾರೆ, ಯಾವಾಗ ಕರೀತೀರಿ ಅಂತ!" ಎಂದು ಕೂಗಾಡಿದ. ಶ್ರೀಲಕ್ಷ್ಮಿ ಎಲ್ಲರನ್ನೂ ಒಬ್ಬೊಬ್ಬರಾಗಿ ಲ್ಯಾಬಿಗೆ ದಾಟಿಸಿ, ಮೆಟ್ಟಿಲ ಮೇಲೆ ಕೂತು ತಲೆಗೂದಲು ಹಿಡಿದುಕೊಂಡಳು. ಅಳು ಬರುವಂತಾಗಿತ್ತು, ಆದರೆ ಸಿಟ್ಟು ಅದಕ್ಕಿಂತ ಮುಂದಿತ್ತು. ಜನರ ಮೇಲೆ, ಗೆರೆಯ ಮೇಲೆ, ಅಲ್ಲಿಂದ ತಿರುಗಿ ತನ್ನ ಮೇಲೆ.

ಬಹಳ ಹೊತ್ತು ಆ ಗೆರೆಯನ್ನೇ ನೋಡುತ್ತ ಕೂತ ಮೇಲೆ ತಪ್ಪು ಕಣ್ಣಿಗೆ ಬಿತ್ತು. ಗೆರೆಯನ್ನು ಅವಳು ಪಕ್ಕದ ಗೋಡೆಯಿಂದ ಶುರು ಮಾಡಿದ್ದಳು. ಅದು ಬಾಗಿಲಿಂದ ಬಂದವರ ಎದುರಿಗೆ ಅಡ್ಡಲಾಗಿ ಹಾದು, ಆಮೇಲೆ ಮುಂದಕ್ಕೆ ತಿರುಗುತ್ತಿತ್ತು. ಕಾಲಿಗೆ ಅಡ್ಡ ಬಂದ ಗೆರೆ ನಿಲ್ಲು ಎನ್ನುತ್ತದೆ. ಕಾಲಿನ ಕೆಳಗಿಂದ ಮುಂದಕ್ಕೆ ಹೊರಟ ಗೆರೆ ಮಾತ್ರ ಬಾ ಎನ್ನುತ್ತದೆ. ಮಧ್ಯಾಹ್ನ ಅವಳು ಅಡ್ಡ ಪಟ್ಟಿಯನ್ನೆಲ್ಲ ಕಿತ್ತಳು. ಚೀಟಿ ಕೊಡುವ ಕೌಂಟರಿನ ಬುಡದಿಂದಲೇ, ನಿಂತವರ ಕಾಲಬೆರಳಿನ ಹತ್ತಿರದಿಂದಲೇ, ಹೊಸದಾಗಿ ಹಚ್ಚಿದಳು. ಮೇಲೆ ಹತ್ತಿಸುವ ಬಾಣದ ಬೋರ್ಡನ್ನು ಕಾಗದದಿಂದ ಮುಚ್ಚಿ, ಹೋಗಬೇಕಾದ ದಾರಿಯ ನೆತ್ತಿಗೇ ಹೊಸ ಬೋರ್ಡು ತೂಗುಹಾಕಿದಳು. ಮರುದಿನ ಬಂಡೆಮ್ಮ ಕೌಂಟರಿನಿಂದ ಹೊರಟು, ಗೆರೆಯನ್ನು ತುಳಿಯದೆ ಅದರ ಪಕ್ಕದಲ್ಲೇ ಪುಟಪುಟ ನಡೆದು, ಸೀದಾ ಲ್ಯಾಬಿನ ಕಿಟಕಿಗೆ ಹೋಗಿ ನಿಂತಳು. ಯಾರನ್ನೂ ಕೇಳಲಿಲ್ಲ. ಹಿಂತಿರುಗುವಾಗ ಬೆಂಚಿನಲ್ಲಿದ್ದ ಶ್ರೀಲಕ್ಷ್ಮಿಯನ್ನು ನೋಡಿ, "ಇವತ್ತ ಜಲ್ದಿ ಆತು ನೋಡವ್ವ" ಎಂದಳು. ಗೆರೆ ಹಾಕಿದವಳು ಇವಳೇ ಎಂದು ಆಕೆಗೆ ಗೊತ್ತಿರಲಿಲ್ಲ. ಶ್ರೀಲಕ್ಷ್ಮಿ ಹೇಳಲೂ ಇಲ್ಲ.

ಕಾಲೇಜಿನಲ್ಲಿ ಅಂತಿಮ ಪರೀಕ್ಷೆ ನಡೆಸಲು ಒಂದು ಜಾಹೀರಾತು ಕಂಪನಿಯವರು ಬಂದಿದ್ದರು. ಕಾರ್ತಿಕ ಎಂಬ ಸಹಪಾಠಿ ತಾನೇ ಕಲ್ಪಿಸಿಕೊಂಡ ತಂಪು ಪಾನೀಯವೊಂದಕ್ಕೆ ಜಾಹೀರಾತು ಮಾಡಿದ್ದ. ಅವನಿಗೆ ಚಪ್ಪಾಳೆ ಬಿತ್ತು. ಶ್ರೀಲಕ್ಷ್ಮಿಯ ಮುಂದೆ ನಿಂತವರು ಹಳದಿ ಗೆರೆಯ ಫೋಟೋಗಳನ್ನು ನೋಡಿ, "ಉಪಯೋಗ ಇದೆ, ಸರಿ. ಭಾವನೆ ಎಲ್ಲಿದೆ?" ಎಂದು ಕೇಳಿದರು. ಬೂದೆಪ್ಪ ಮುಖ ತಿರುಗಿಸಿದ್ದು ಅವಳ ಕಣ್ಣಿಗೆ ಬಂತು. ಅವಳು ಹಾಳೆ ತಿರುಗಿಸಿ ಮುಂದಿನ ಫೋಟೋ ತೋರಿಸಿದಳು. ಸೆಕೆಂಡ್ ಕ್ಲಾಸು ಬಂತು.

ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ದಾರಿ ಕೇಳುವವರ ಗದ್ದಲ ಆ ಮೊಗಸಾಲೆಯಲ್ಲಿ ಕಮ್ಮಿಯಾಗಿದೆ, ಕೆಳಮಹಡಿಗೆಲ್ಲ ಶಾಶ್ವತ ಬೋರ್ಡು ಮಾಡಿಸಲು ಒಪ್ಪಿಗೆ ಸಿಕ್ಕಿದೆ ಎಂದರು ಆಡಳಿತಾಧಿಕಾರಿ. ಅವಳು ಸಂಭ್ರಮದಿಂದ ನಕ್ಷೆಗಳನ್ನು ಕಳಿಸಿಕೊಟ್ಟಳು. ಸುಲ್ತಾನ್ ಬಜಾರಿನ ಒಂದು ಗಲ್ಲಿಯ ಪ್ರಿಂಟಿಂಗ್ ಅಂಗಡಿಗೆ ಕೆಲಸ ಹೋಯಿತು. ಬೋರ್ಡು ತಯಾರಾದ ಸುದ್ದಿ ಕೇಳಿ ನೋಡಲು ಹೋದವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. "ರಕ್ತ ಪರೀಕ್ಷೆ" ಎಂದಿರಬೇಕಾದಲ್ಲಿ "ರಕತ ಪರೀಕಷೆ" ಎಂದಿತ್ತು. ಅವಳು ಬಳಸಿದ ಫಾಂಟಿನ ಕನ್ನಡ ಅಕ್ಷರಗಳು ಅಂಗಡಿಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ತನಗೆ ತಿಳಿದ ಅಕ್ಷರ ಹಾಕಿಕೊಂಡು, ಒತ್ತುಗಳನ್ನೆಲ್ಲ ಉದುರಿಸಿತ್ತು.

"ಎಲ್ಲಾ ಒಂದೇ ಅಲ್ವಾ ಮೇಡಂ, ನೋಡೋಕೆ ತೆಲುಗಿನ ಹಾಗೇ ಇದೆ," ಎಂದ ಅಂಗಡಿಯವನು ತೆಲುಗಿನಲ್ಲಿ, ಬೇಸರವಿಲ್ಲದೆ.

ಆ ಮಾತಿಗೆ ಅವಳ ತಾಳ್ಮೆಯ ಕಟ್ಟೆಯೊಡೆಯಿತು. ಗಲ್ಲಿಯಲ್ಲಿ ಬಳೆ ಕೊಳ್ಳುತ್ತಿದ್ದವರು ತಿರುಗಿ ನೋಡುವಂತೆ ಕೂಗಾಡಿದಳು. ಕೂಗಾಡಿ ಸಾಕಾದ ಮೇಲೆ ಅವನ ಕುರ್ಚಿ ಎಳೆದುಕೊಂಡು ಕೂತು, ಮನೆಯಿಂದ ಸಿ.ಡಿ. ತರಿಸಿ, ಒಂದೊಂದು ಮಾತನ್ನೂ ಅಕ್ಷರವಾಗಿ ಬಿಡದೆ ಚಿತ್ರವಾಗಿ ಮಾರ್ಪಡಿಸಿದಳು. ಚಿತ್ರವಾದರೆ ಯಾವ ಕಂಪ್ಯೂಟರೂ ಅದರ ಒತ್ತು ಕೀಳಲಾರದು. ಸಿ.ಡಿ. ಹಿಡಿದು ಬಂದವನು ಉಪೇಂದ್ರ. ಮಗಳು ಕಂಪ್ಯೂಟರಿನ ಮುಂದೆ ಕೆಲಸ ಮಾಡುವುದನ್ನು ಆತ ನೋಡಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು ಸಂಜೆಯವರೆಗೆ ನೋಡಿದ.

ಬೋರ್ಡು ತೂಗುಹಾಕುವ ದಿನ ಆತ ರಜೆ ಹಾಕಿ ಬಂದ. ಜೇಬಿನಿಂದ ಸ್ಟೀಲಿನ ಅಳತೆಪಟ್ಟಿ ತೆಗೆದು, ಏಣಿಯ ಮೇಲಿದ್ದವನಿಗೆ, "ಎಡಕ್ಕ ವಾಲೈತಿ. ಇನ್ನೊಂದೀಟು ಎತ್ತಪಾ. ಹಾಂ, ಹೆಚ್ಚಾತು, ಇಳಿಸು" ಎಂದು ಕನ್ನಡದಲ್ಲೇ ಗದರಿಸತೊಡಗಿದ. ಏಣಿಯವನಿಗೆ ಕನ್ನಡ ಬಾರದು. "ಸಾಕು ಸಾರ್, ಯಾರಿಗೆ ಕಾಣುತ್ತೆ?" ಎಂದು ತೆಲುಗಿನಲ್ಲಿ ಗೋಗರೆದ.

"ನಮ್ಮ ಹುಡುಗಿಗೆ ಕಾಣ್ತೈತಿ," ಎಂದ ಉಪೇಂದ್ರ, ಈ ಸಲ ತೆಲುಗಿನಲ್ಲಿ. "ನನಗೂ ಕಾಣ್ತೈತಿ."

ಶ್ರೀಲಕ್ಷ್ಮಿ ಆ ಕಡೆ ತಿರುಗಿ ಪಟ್ಟಿ ಕತ್ತರಿಸುವ ನೆಪದಲ್ಲಿ ನಿಂತಳು.

ಸುಬ್ಬರಾಯನ ಮಗ ಕೌಶಲ್ ತನ್ನ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳಿಗೊಂದು ಸಂದರ್ಶನ ಏರ್ಪಡಿಸಿದ. ಗಾಜಿನ ಕೋಣೆಯಲ್ಲಿ ಕೂತ ಮೂವರಲ್ಲಿ ಒಬ್ಬ, ಯಾವ ಸಾಫ್ಟ್‌ವೇರ್ ಬರುತ್ತದೆ ಎಂದು ಕೇಳಿದ. ಇನ್ನೊಬ್ಬ, ಕೋಡು ಬರುತ್ತದೆಯೇ ಎಂದು ಕೇಳಿದ. ಮೂರನೆಯವನು, ತಮ್ಮ ಹುಟ್ಟುಹಬ್ಬದ ಕಾರ್ಡುಗಳನ್ನು ಅಂದವಾಗಿ ಮಾಡಿಕೊಡಬಲ್ಲೆಯಾ ಎಂದು ಕೇಳಿದ. ಅವಳು ಆ ನೌಕರಿಯ ಆಸೆ ಬಿಟ್ಟು, ಹಿಮಾಯತ್‌ನಗರಕ್ಕೆ ವಾಪಸ್ಸು ಬಂದು, ಬೋರ್ಡುಗಳನ್ನೇ ಮಾಡುವ ಒಂದು ಚಿಕ್ಕ ಕಂಪನಿಗೆ ಸೇರಿದಳು. ಸಂಬಳ ಕೌಶಲನ ಸಂಬಳದ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಅಲ್ಲಿ ಭೂಗೋಳ ಇರಲಿಲ್ಲ.

ಮರುವರ್ಷ ಮಣಿಕೊಂಡದಲ್ಲಿ ಏಳುತ್ತಿದ್ದ ಒಂದು ದೊಡ್ಡ ಐಟಿ ಕಟ್ಟಡದ ಕೆಲಸ ಅವರಿಗೆ ಬಂತು. ಕಟ್ಟಡ ಮುಗಿಯುವವರೆಗೆ ಅಪಾಯದ ಬೋರ್ಡುಗಳೂ ಬೇಕು. ಸೈಟಿನ ಎಂಜಿನಿಯರ್‌ಗೆ ಅವು ಮಾಲೀಕ ಕಂಪನಿಯ ಬಣ್ಣದಲ್ಲೇ ಇರಬೇಕು: ತಿಳಿನೀಲಿಯ ಮೇಲೆ ಬೂದು ಅಕ್ಷರ, ಇಂಗ್ಲಿಷಿನಲ್ಲಿ ಮಾತ್ರ. ಧೂಳಿನಲ್ಲಿ ಆ ಬಣ್ಣ ಯಾರಿಗೂ ಕಾಣುವುದಿಲ್ಲವೆಂದು ಅವಳು ವಾರಗಟ್ಟಲೆ ವಾದಿಸಿದಳು. ಕೊನೆಗೆ ಒಂದೇ ಒಂದು ಬೋರ್ಡಿಗೆ, ಲಿಫ್ಟಿಗಾಗಿ ತೋಡಿದ ಆಳದ ಗುಂಡಿಯ ಬೋರ್ಡಿಗೆ, ಹಳದಿ ಮೇಲೆ ಕಪ್ಪು ಚಿತ್ರ ಹಾಕಲು ಅವನು ಒಪ್ಪಿದ. ಅಂಚಿನಿಂದ ಜಾರಿ ಬೀಳುತ್ತಿರುವ ಮನುಷ್ಯನ ಚಿತ್ರ ಬರೆದು, ಕನ್ನಡ ತೆಲುಗು ಹಿಂದಿಯಲ್ಲಿ ಎಚ್ಚರಿಕೆ ಬರೆದು, ಅವಳೇ ನಿಂತು ನೆಡಿಸಿದಳು.

ಊಟದ ಹೊತ್ತಿಗೆ ರಾಯಚೂರು, ಯಾದಗಿರಿ ಕಡೆಯಿಂದ ಬಂದ, ಜಲ್ಲಿ ಹೊರುವ ಹೆಂಗಸರು ಬೋರ್ಡಿನ ನೆರಳಿನಲ್ಲೇ ಕೂತು ಬುತ್ತಿ ಬಿಚ್ಚಿದರು, ಗುಂಡಿಯ ಅಂಚಿಗೆ ಬೆನ್ನು ಹಾಕಿಕೊಂಡು! ಚಿತ್ರ ನೋಡಿ ನಗು ಬೇರೆ. ಶ್ರೀಲಕ್ಷ್ಮಿ ಓಡಿಬಂದಳು.

"ಯಕ್ಕಾ, ಇಲ್ಲಿ ಕೂಡಬ್ಯಾಡ್ರಿ! ಬೋರ್ಡ್ ಕಾಣವಲ್ದೇನು?"

"ಕಾಣ್ತದ ತಗೀರಿ ಅಕ್ಕೋರೆ," ಎಂದಳು ಗುಂಪಿನ ಹಿರಿಯಳು ಗಂಗಾಬಾಯಿ, ರೊಟ್ಟಿ ಮುರಿಯುತ್ತ. "ಪ್ಯಾಂಟ್ ಹಾಕ್ಯಾನ, ಟೋಪಿ ಇಟ್ಟಾನ. ಸಾಹೇಬ್ರಿಗಿ ಹೇಳ್ಯಾರ, ಇ‍ಲ್ಲಿ ಬರಬ್ಯಾಡ್ರಿ ಅಂತ. ನಮಗೇನದ?"

ಶ್ರೀಲಕ್ಷ್ಮಿ ಬೋರ್ಡನ್ನು ನೋಡಿದಳು. ನಿಜವೇ. ಪರದೇಶದ ಪುಸ್ತಕಗಳಲ್ಲಿ ನೋಡಿದ ಮನುಷ್ಯನನ್ನೇ ಅವಳು ಬರೆದಿದ್ದಳು. ಇಲ್ಲಿ ದಿನವಿಡೀ ಗುಂಡಿಯ ಅಂಚಿನಲ್ಲಿ ಓಡಾಡುವವರಲ್ಲಿ ಪ್ಯಾಂಟಿನವರು ಯಾರಿದ್ದರು? ಹಣೆ ಹಣೆ ಬಡಿದುಕೊಂಡಳು. ಆಮೇಲೆ ಚೀಲದಿಂದ ಪೆನ್ಸಿಲು ತೆಗೆದು, "ಯಕ್ಕಾ, ಬುಟ್ಟಿ ಹೊತ್ಕೊಂಡು ಸ್ವಲ್ಪ ನಿಂದರ್ರಿ" ಎಂದಳು.

"ನಾ ಬಿದ್ದಂಗ ತಗೀಬ್ಯಾಡ್ರಿ ಮತ್ತ. ನನ್ನ ಗಂಡ ನೋಡಿ ಹೆದರ್ತಾನ."

ಅವಳು ಬಿದ್ದಂತೆ ಬರೆಯಲಿಲ್ಲ. ತಲೆಯ ಮೇಲೆ ಬುಟ್ಟಿ, ಕಚ್ಚೆ ಹಾಕಿದ ಸೀರೆ, ಮುಂದಿಟ್ಟ ಕಾಲಿನ ಕೆಳಗೆ ನೆಲವೇ ಇಲ್ಲ, ಹಾಗೆ ಬರೆದಳು. ಹೊಸ ಬೋರ್ಡು ಬಂದ ಮೇಲೆ ಹೆಂಗಸರು ಬುತ್ತಿಗಂಟುಗಳನ್ನು ಎತ್ತಿಕೊಂಡು ಸಿಮೆಂಟಿನ ಚೀಲಗಳ ಕಡೆಗೆ ಹೋಗಿ ಕೂರತೊಡಗಿದರು.

ಗುಂಡಿಯಲ್ಲಿ ಲಿಫ್ಟು ಕೂತು, ಬೋರ್ಡು ಕಿತ್ತ ದಿನ ಎಂಜಿನಿಯರ್ ಅವಳನ್ನು ಕರೆದು ಹೇಳಿದ: "ನೋಡಿ ಮೇಡಂ, ನೀವು ಸುಮ್ಮನೆ ಅಷ್ಟು ಜಗಳ ಮಾಡಿದಿರಿ. ಇಷ್ಟು ತಿಂಗಳಲ್ಲಿ ಒಬ್ಬರಾದರೂ ಬಿದ್ದರಾ? ಆ ಬೋರ್ಡು ಬೇಕೇ ಇರಲಿಲ್ಲ."

ಶ್ರೀಲಕ್ಷ್ಮಿ ಅವನ ಮುಖವನ್ನೇ ನೋಡಿದಳು. ಬುಟ್ಟಿ ಹೊತ್ತ ಚಿತ್ರದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.